ವೈತಾಂಗಿ ಒಪ್ಪಂದ: ಒಂದು ರಾತ್ರಿಯ ಅನುವಾದ



ಫೆಬ್ರವರಿ 6 ಎಂದರೆ ನಮ್ಮಲ್ಲಿ ಹಲವರಿಗೆ ಬೇಸಿಗೆಯ ಒಂದು ರಜೆ, ಅಷ್ಟೆ. ಸಮುದ್ರತೀರ, ಬಾರ್ಬೆಕ್ಯೂ, ವಾರಾಂತ್ಯಕ್ಕೆ ಹೊಂದಿಕೊಂಡು ಬಂದರೆ ಒಂದು ಸಣ್ಣ ಪ್ರವಾಸ. ಶಾಲೆಗೆ ಹೋಗುವ ಮಕ್ಕಳು ವೈತಾಂಗಿ ಒಪ್ಪಂದದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ನಮ್ಮ ಬಳಿ ಉತ್ತರವಿರುವುದಿಲ್ಲ. ಹಾಗಾಗಿ ಈ ಸಲ ಕಥೆ ಕವಿತೆಗಳನ್ನು ಬದಿಗಿಟ್ಟು, ಆ ಒಪ್ಪಂದವನ್ನೇ ಒಂದು ಅನುವಾದಿತ ಕೃತಿಯೆಂದು ಓದಲು ಹೊರಟಿದ್ದೇವೆ. ಕಾನೂನು ನಮ್ಮ ಕ್ಷೇತ್ರವಲ್ಲ. ಆದರೆ ಎರಡು ಭಾಷೆಗಳ ನಡುವೆ ಬದುಕುವ ನಮಗೆ ಅನುವಾದದ ಕಷ್ಟಸುಖ ಗೊತ್ತು.

ಅಮೆರಿಕದ ಸಂವಿಧಾನವನ್ನು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸುಮಾರು ನಾಲ್ಕು ತಿಂಗಳು ಚರ್ಚಿಸಿ ಬರೆದರು. ಅದು ಒಂದೇ ಭಾಷೆಯ ಪಠ್ಯ. ಆದರೂ ಗುಲಾಮಗಿರಿಗೆ ಅವಕಾಶ ಕೊಟ್ಟ ಆ ಮೂಲಪಠ್ಯದಲ್ಲಿ 'ಗುಲಾಮ' ಎಂಬ ಪದವೇ ಇಲ್ಲ, ಜಾಣತನದಿಂದ ತಪ್ಪಿಸಿದ್ದಾರೆ. ನ್ಯೂಜಿಲೆಂಡಿಗೆ ಅಂಥ ಒಂದೇ ಹೊತ್ತಗೆಯ ಸಂವಿಧಾನ ಇಲ್ಲ. 1986ರ ಸಂವಿಧಾನ ಕಾಯಿದೆ, ರೂಢಿ, ತೀರ್ಪುಗಳು ಎಲ್ಲ ಸೇರಿ ಇಲ್ಲಿನ ಸರ್ಕಾರ ನಡೆಯುತ್ತದೆ. ಇವೆಲ್ಲದರ ತಳದಲ್ಲಿ ಇರುವುದು ಮೂರೇ ಕಲಮುಗಳ ಈ ಒಪ್ಪಂದ. ಇಲ್ಲಿನ ತೊಡಕು ಪದ ತಪ್ಪಿಸಿದ್ದರಿಂದ ಹುಟ್ಟಿದ್ದಲ್ಲ, ಪದ ಆರಿಸಿದ್ದರಿಂದ ಹುಟ್ಟಿದ್ದು.

1840ರ ಫೆಬ್ರವರಿ 4ರ ಸಂಜೆ ಇಂಗ್ಲಿಷ್ ಕರಡು ಮಿಷನರಿ ಹೆನ್ರಿ ವಿಲಿಯಮ್ಸ್ ಅವರ ಕೈಗೆ ಬಂತು. ಅವರೂ ಅವರ ಮಗ ಎಡ್ವರ್ಡ್ ಕೂಡಿ ರಾತ್ರಿ ಕಳೆಯುವುದರೊಳಗೆ ಅದನ್ನು ಮಾವೊರಿ ಭಾಷೆಗೆ ತಂದರು. 5ರಂದು ಚರ್ಚೆ, 6ರಂದು ಸಹಿ. ಮುಂದಿನ ತಿಂಗಳುಗಳಲ್ಲಿ ದೇಶದ ಬೇರೆ ಬೇರೆ ಕಡೆ 500ಕ್ಕೂ ಹೆಚ್ಚು ಮುಖಂಡರು ಮಾವೊರಿ ಪಠ್ಯಕ್ಕೆ ಸಹಿ ಹಾಕಿದರು. ಇಂಗ್ಲಿಷ್ ಪಠ್ಯಕ್ಕೆ ಸಹಿ ಬಿದ್ದದ್ದು 39 ಮಾತ್ರ.

ಮೊದಲ ಕಲಮಿನಲ್ಲಿ ಇಂಗ್ಲಿಷಿನ ಪ್ರಕಾರ ಮುಖಂಡರು ರಾಣಿಗೆ ಒಪ್ಪಿಸಿದ್ದು ಪೂರ್ಣ ಸಾರ್ವಭೌಮತ್ವವನ್ನು. ಮಾವೊರಿಯಲ್ಲಿ ಅವರು ಕೊಟ್ಟದ್ದು 'ಕಾವನತಂಗ'. 'ಗವರ್ನರ್' ಎಂಬ ಪದದಿಂದ 'ಕಾವನ', ಅದರಿಂದ ಈ ಪದ. ಎರಡನೆಯ ಕಲಮಿನಲ್ಲಿ ಇಂಗ್ಲಿಷ್ ಪಠ್ಯ ಜಮೀನು, ಕಾಡು, ಮೀನುಗಾರಿಕೆಯ ಸ್ವಾಧೀನವನ್ನು ಅವರಿಗೆ ಉಳಿಸಿಕೊಟ್ಟರೆ, ಮಾವೊರಿ ಪಠ್ಯ ನೆಲ, ಊರು ಮತ್ತು ಎಲ್ಲ 'ತಓಂಗ'ಗಳ ಮೇಲೆ 'ರಂಗತಿರತಂಗ'ವನ್ನು ಉಳಿಸಿಕೊಡುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಕೊಟ್ಟದ್ದು ಆಡಳಿತ, ಉಳಿಸಿಕೊಂಡದ್ದು ದೊರೆತನ.

ನಮಗೆ ಇದು ತೀರ ಹೊಸದೇನೂ ಅಲ್ಲ. ಅದೇ 1840ರಲ್ಲಿ ಮೈಸೂರಿನ ಸಿಂಹಾಸನ ಮುಮ್ಮಡಿ ಕೃಷ್ಣರಾಜ ಒಡೆಯರದು, ಆದರೆ ಆಡಳಿತ ಬೆಂಗಳೂರಿನಲ್ಲಿದ್ದ ಕಮಿಷನರ್ ಕಬ್ಬನ್ ಅವರದು. 1831ರಲ್ಲಿ ಕೈಬಿಟ್ಟ ಆಡಳಿತ ಅರಮನೆಗೆ ಮರಳಲು 1881 ಬರಬೇಕಾಯಿತು. ಒಡೆತನ ಬೇರೆ, ಆಡಳಿತ ಬೇರೆ ಎನ್ನುವುದು ಕಾಗದದ ಮೇಲೆ ಸುಲಭ. ಆಡಳಿತ ಹಿಡಿದವರು ಒಡೆತನಕ್ಕೆ ಎಷ್ಟು ಜಾಗ ಬಿಟ್ಟಾರು ಎನ್ನುವುದೇ ಪ್ರಶ್ನೆ.

ಈ ಪಠ್ಯಗಳ ವ್ಯತ್ಯಾಸವನ್ನು ಭಾಷೆಯ ಕಡೆಯಿಂದ ಹಿಡಿದು ನೋಡಿದವರಲ್ಲಿ ಮುಖ್ಯರು ಇತಿಹಾಸಕಾರ್ತಿ ರೂತ್ ರಾಸ್. 1972ರ ಅವರ ಪ್ರಬಂಧ ಇಂದಿಗೂ ಓದಬೇಕಾದದ್ದು. ವಿಲಿಯಮ್ಸರದು ಮಿಷನರಿಗಳ ಮಾವೊರಿ, ನೆಲದ ಮಾವೊರಿ ಅಲ್ಲ ಎಂಬುದು ಅವರ ನಿಲುವು. ಕ್ರೈಸ್ತ ಪ್ರಾರ್ಥನೆಯ ಮಾವೊರಿ ಅನುವಾದದಲ್ಲಿ ದೇವರ ರಾಜ್ಯಕ್ಕೆ ಬಳಸಿದ ಪದ 'ರಂಗತಿರತಂಗ'. ಬೈಬಲಿನ ಪಿಲಾತ ಒಬ್ಬ 'ಕಾವನ'. ಇವೆರಡನ್ನೂ ಕೇಳಿ ಬಲ್ಲವರಿಗೆ ಯಾವುದು ದೊಡ್ಡದಾಗಿ ಕೇಳಿಸಿರಬೇಕು? ಸಾಲದ್ದಕ್ಕೆ 1835ರ ಸ್ವಾತಂತ್ರ್ಯ ಘೋಷಣೆಯ ಮಾವೊರಿ ಪಠ್ಯದಲ್ಲಿ ಪರಮಾಧಿಕಾರಕ್ಕೆ 'ಕಿಂಗಿತಂಗ', 'ಮನ' ಎಂಬ ಪದಗಳು ಇದ್ದವು (ಇದು ನಮ್ಮ ಮನಸ್ಸಿನ 'ಮನ' ಅಲ್ಲ, ಅಧಿಕಾರದ ತೇಜಸ್ಸು). ಆ ಘೋಷಣೆಗೆ ವಿಲಿಯಮ್ಸ್ ಸಾಕ್ಷಿಯಾಗಿದ್ದವರು. 'ಮನ' ಒಪ್ಪಿಸಿ ಎಂದಿದ್ದರೆ ಸಹಿಗಳು ಬೀಳುತ್ತಿದ್ದವೇ ಎಂಬ ಅನುಮಾನ ಸಹಜ.

ಹಾಗೆಂದು ಅನುವಾದಕರನ್ನು ಮೋಸಗಾರರೆಂದು ಬಿಡುವುದು ನಮಗೆ ಒಪ್ಪಿಗೆಯಲ್ಲ. ಮೂರನೆಯ ಕಲಮು ಮಾವೊರಿಗಳಿಗೆ ಬ್ರಿಟಿಷ್ ಪ್ರಜೆಗಳ ಹಕ್ಕು ಕೊಡುತ್ತದೆ. ಈಗ ನಾವು ಬರೆದ 'ಪ್ರಜೆ' ಎಂಬ ಪದವನ್ನೇ ನೋಡಿ. ರಾಜನ ಕೈಕೆಳಗಿನವನೂ ಪ್ರಜೆ, ಪ್ರಜಾಪ್ರಭುತ್ವದಲ್ಲಿ ಪ್ರಭುವಾದವನೂ ಪ್ರಜೆ! ಒಂದು ರಾತ್ರಿಯಲ್ಲ, ಒಂದು ವರ್ಷ ಕೊಟ್ಟರೂ ಈ ಗೊಂದಲ ಬಿಡಿಸುವುದು ಕಷ್ಟ. ತಪ್ಪು ಒಂದು ಪದದ ಆಯ್ಕೆಯಲ್ಲಿ ಇರುವಷ್ಟೇ, ಆಮೇಲೆ ಆಳಿದವರು ತಮಗೆ ಅನುಕೂಲವಾದ ಪಠ್ಯವನ್ನು ಮಾತ್ರ ಓದಿದ್ದರಲ್ಲೂ ಇದೆ ಎಂಬುದು ನಮ್ಮ ಅಭಿಪ್ರಾಯ. ವೈತಾಂಗಿಯಲ್ಲಿ ಮೊದಲು ಸಹಿ ಹಾಕಿದ ಹೋನೆ ಹೆಕೆ, 1844-45ರಲ್ಲಿ ಕೊರೊರಾರೆಕಾದ ಬ್ರಿಟಿಷ್ ಧ್ವಜಸ್ತಂಭವನ್ನು ಮತ್ತೆ ಮತ್ತೆ ಕೆಡವಿಸಿದ. ಅದು ಓದುಗನೊಬ್ಬನ ಪ್ರತಿಭಟನೆಯೂ ಹೌದು.

ಈ ಓದು ಹಳೆಯದಾಗಿಲ್ಲ. 1840ರಲ್ಲಿ ಸಹಿ ಹಾಕಿದ ಉತ್ತರದ ಮುಖಂಡರು ಸಾರ್ವಭೌಮತ್ವವನ್ನು ಬಿಟ್ಟುಕೊಡಲಿಲ್ಲ ಎಂದು ವೈತಾಂಗಿ ನ್ಯಾಯಮಂಡಲಿ 2014ರಲ್ಲಿ ಹೇಳಿತು. ಒಪ್ಪಂದದ ತತ್ತ್ವಗಳನ್ನು ಶಾಸನದಲ್ಲೇ ವ್ಯಾಖ್ಯಾನಿಸುವ ಮಸೂದೆ 2024ರ ನವೆಂಬರಿನಲ್ಲಿ ಸಂಸತ್ತಿಗೆ ಬಂದಾಗ ಸಾವಿರಾರು ಜನ ವೆಲ್ಲಿಂಗ್ಟನ್‌ಗೆ ನಡೆದು ಬಂದರು. 2025ರ ಏಪ್ರಿಲ್ 10ರಂದು ಅದು 112-11 ಮತಗಳಿಂದ ಬಿದ್ದುಹೋಯಿತು. 'ತತ್ತ್ವ' ಎಂದರೇನು ಎಂಬ ಪ್ರಶ್ನೆ ಬಿದ್ದುಹೋಗಿಲ್ಲ.

ಕೊನೆಗೆ ನಮ್ಮ ಎದೆಗೆ ತಾಗಿದ ಪದ 'ತಓಂಗ'. ಅಂದರೆ ಬೆಲೆಬಾಳುವ ಬದುಕಿನ ಸಿರಿ. ಭಾಷೆಯೂ ಒಂದು ತಓಂಗ, ಅದನ್ನು ಕಾಪಾಡುವುದು ಸರ್ಕಾರದ ಹೊಣೆ ಎಂದು ನ್ಯಾಯಮಂಡಲಿ 1986ರಲ್ಲಿ ಹೇಳಿತು. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯಾಯಿತು. ಪರದೇಶದಲ್ಲಿ ಮಕ್ಕಳ ಬಾಯಲ್ಲಿ ಕನ್ನಡ ಉಳಿಸಲು ಹೆಣಗುವ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಭಾಷೆಗೆ ಗೌರವ ಬೇಡುವ ನಾವು ಈ ನೆಲದ ಭಾಷೆಯ ನಾಲ್ಕು ಪದಗಳನ್ನಾದರೂ ಸರಿಯಾಗಿ ಓದಬೇಡವೇ?

ಒಪ್ಪಂದದ ಮೂಲ ಹಾಳೆಗಳನ್ನು 2017ರಲ್ಲಿ ವೆಲ್ಲಿಂಗ್ಟನ್ನಿನ ರಾಷ್ಟ್ರೀಯ ಗ್ರಂಥಾಲಯದ ಪ್ರದರ್ಶನಕ್ಕೆ ತಂದರು. ಒಮ್ಮೆ ಮಕ್ಕಳೊಂದಿಗೆ ಹೋಗಿ ಬನ್ನಿ. ಇಲಿ ಕಡಿದ ಅಂಚುಗಳು ಕಾಣುತ್ತವೆ. 'ರಂಗತಿರತಂಗ'ಕ್ಕೆ 'ದೊರೆತನ'ಕ್ಕಿಂತ ಒಳ್ಳೆಯ ಕನ್ನಡ ಪದ ಹೊಳೆದರೆ ನಮಗೆ ಬರೆಯಿರಿ.