ಅರ್ಧ ಡೋಸಿನ ಅಪಾಯ

ಔಷಧಿ ಹೊಡೆದರೂ ಸೊಳ್ಳೆ ಸಾಯುತ್ತಿಲ್ಲ ಎಂಬ ದೂರು ನಮ್ಮ ಊರುಗಳಿಗೆ ಹೊಸದಲ್ಲ. ಔಷಧಿ ಕಳಪೆ ಎನ್ನುವವರಿದ್ದಾರೆ, ಹೊಡೆಯುವವರು ಸರಿಯಿಲ್ಲ ಎನ್ನುವವರಿದ್ದಾರೆ. ಸೊಳ್ಳೆಯೇ ಬದಲಾಗಿದ್ದರೆ? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಎನ್.ಜೆ. ಶೆಟ್ಟಿ ಮುಖ್ಯರು. ಡಿ. ಸನಿಲ್ ಅವರೊಂದಿಗೆ 2010ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ವಸ್ತು, ನಗರದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿಯು ಪ್ರೊಪಾಕ್ಸರ್ ಎಂಬ ಕೀಟನಾಶಕಕ್ಕೆ ಜಗ್ಗದ ಗುಣ. ದಾವಣಗೆರೆ, ಹರಿಹರಗಳಲ್ಲಿ ಕೂತು ಓದುವವರಿಗೆ ಅದರಿಂದ ಏನು ದಕ್ಕುತ್ತದೆ?

ಪ್ರಯೋಗದ ಕ್ರಮ ಸರಳ, ಅಚ್ಚುಕಟ್ಟು. ಔಷಧಿ ಬೆರೆಸಿದ ನೀರಿಗೆ ಬೆಳೆದ ಲಾರ್ವಾಗಳನ್ನು ಬಿಡುತ್ತಾರೆ. ಬದುಕುಳಿದವುಗಳಿಂದ ಮುಂದಿನ ಪೀಳಿಗೆ ಪಡೆದು, ಅದನ್ನೂ ಅದೇ ಪರೀಕ್ಷೆಗೆ ಒಡ್ಡುತ್ತಾರೆ. ಹೀಗೆ ಪೀಳಿಗೆಗಟ್ಟಲೆ ಆರಿಸಿ ನಿರೋಧಕ ತಳಿಯೊಂದನ್ನು ಕಟ್ಟುತ್ತಾರೆ. ಅದನ್ನು ಔಷಧಿಗೆ ಸುಲಭವಾಗಿ ಸಾಯುವ ತಳಿಯೊಂದಿಗೆ ಕೂಡಿಸುತ್ತಾರೆ. ಒಮ್ಮೆ ಗಂಡು ಈ ತಳಿಯದು, ಇನ್ನೊಮ್ಮೆ ಆ ತಳಿಯದು. ಹೇಗೆ ಕೂಡಿಸಿದರೂ ಫಲಿತಾಂಶ ಒಂದೇ ಆದ್ದರಿಂದ ಈ ಗುಣಕ್ಕೆ ಲಿಂಗದ ಹಂಗಿಲ್ಲ. ಇದರ ಹಿಂದಿರುವುದು ಒಂದೇ ಜೀನು, ಅದೂ ಅಪೂರ್ಣ ಪ್ರಬಲ ಎಂಬುದು ಅಧ್ಯಯನದ ತೀರ್ಮಾನ.

ಆ ‘ಅಪೂರ್ಣ ಪ್ರಬಲ’ದಲ್ಲೇ ಊರಿಗೆ ಬೇಕಾದ ಮಾತಿದೆ. ತಂದೆ ತಾಯಿಯರಲ್ಲಿ ಒಬ್ಬರಿಂದಷ್ಟೇ ಈ ಜೀನು ಪಡೆದ ಸೊಳ್ಳೆಯ ತಾಳಿಕೆ ನಡುವಿನದು. ಪೂರ್ತಿ ಡೋಸಿಗೆ ಅದು ಸತ್ತೀತು, ಅರೆಬರೆ ಡೋಸಿಗೆ ಸಾಯದು. ನಮ್ಮ ಬೀದಿಗಳಲ್ಲಿ ನಡೆಯುವುದೇನು? ಫಾಗಿಂಗ್ ಗಾಡಿಯ ಸದ್ದು ಕೇಳಿದೊಡನೆ ಬಾಗಿಲು, ಕಿಟಕಿ ಮುಚ್ಚುತ್ತೇವೆ. ಡೀಸೆಲ್ ವಾಸನೆಯ ಹೊಗೆ ರಸ್ತೆ ತುಂಬುತ್ತದೆ. ಮಂಚದಡಿ, ಪರದೆಯ ಮರೆಯಲ್ಲಿ ಕೂತ ಸೊಳ್ಳೆಗೆ ಅದು ಸ್ವಲ್ಪವಷ್ಟೇ ತಾಗುತ್ತದೆ. ಅಲ್ಲಿ ಸಾಯುವುದು ದುರ್ಬಲ ಸೊಳ್ಳೆ, ಉಳಿಯುವುದು ಅರೆನಿರೋಧಕ. ಮುಂದಿನ ಸಂತತಿ ಅದರದೇ. ಪ್ರಯೋಗಾಲಯ ಉದ್ದೇಶಪೂರ್ವಕವಾಗಿ ಮಾಡಿದ್ದನ್ನು ನಾವು ಅರಿಯದೆ ಮಾಡುತ್ತೇವೆ.

ಹಾಗೆಂದು ಈ ಅಧ್ಯಯನವನ್ನು ಇದ್ದಂತೆಯೇ ಊರಿಗೆ ಅನ್ವಯಿಸಲು ಬರುವುದಿಲ್ಲ. ಮೊದಲನೆಯದಾಗಿ, ಪ್ರಯೋಗ ನಡೆದದ್ದು ಲಾರ್ವಾಗಳ ಮೇಲೆ; ಹೊಗೆ ಬಿಡುವುದು ಹಾರುವ ಸೊಳ್ಳೆಗೆ. ಎರಡನೆಯದಾಗಿ, ಪ್ರೊಪಾಕ್ಸರ್‌ನ ಜೀನು ಹೇಗೆ ವರ್ತಿಸಿತೋ ಬೀದಿಗೆ ಬರುವ ಬೇರೆ ಔಷಧಿಯದೂ ಹಾಗೇ ವರ್ತಿಸಬೇಕೆಂದಿಲ್ಲ. ಪ್ರತಿಯೊಂದನ್ನೂ ಬೇರೆಯಾಗಿಯೇ ಅಳೆಯಬೇಕು. ಮೂರನೆಯ ಮಿತಿ ನಮಗೆ ಹೆಚ್ಚು ಹತ್ತಿರದ್ದು. ನಳದ ನೀರು ದಿನ ಬಿಟ್ಟು ದಿನ ಬರುವ ಊರಿನ ಡ್ರಮ್ಮು, ಸಂಪು, ಮೇಲಿನ ಟ್ಯಾಂಕುಗಳು ಸ್ಟೀಫೆನ್ಸಿಗೆ ಹೇಳಿ ಮಾಡಿಸಿದ ಜಾಗ. ಆದರೆ ಭದ್ರಾ ನಾಲೆಯ ಜೌಗು, ಆಗಷ್ಟೇ ನಾಟಿಯಾದ ಗದ್ದೆ, ಬೇಸಿಗೆಯಲ್ಲಿ ಹರಿಹರದ ಹೊಳೆ ಇಳಿದಾಗ ಉಳಿಯುವ ಗುಂಡಿಗಳು ಒಗ್ಗುವುದು ಹಳ್ಳಿಗಾಡಿನ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸಿಸ್‌ಗೆ. ಗದ್ದೆಗೆ ಹೊಡೆದ ಬೆಳೆಯ ಔಷಧಿಯೂ ಅದರ ಲಾರ್ವಾವನ್ನು ಮುಟ್ಟುತ್ತದೆ. ಹೀಗಾಗಿ ದಾವಣಗೆರೆ, ಹರಿಹರಗಳ ನಡುವೆ ಹದಿನೈದು ಕಿಲೋಮೀಟರಿನಷ್ಟೇ ದೂರವಿದ್ದರೂ ಸೊಳ್ಳೆಯ ಚರಿತ್ರೆ ಬೇರೆಯಾಗಿರಬಹುದು.

ಡೋಸಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ದೇಶ ಒಮ್ಮೆ ಕಂಡಿದೆ. ಡಿಡಿಟಿಯ ಬಲದಿಂದ 1965ರ ಹೊತ್ತಿಗೆ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದ ಮಲೇರಿಯಾ ಪ್ರಕರಣಗಳು 1976ರಲ್ಲಿ 64 ಲಕ್ಷ ದಾಟಿದವು. ನಿರೋಧಕತೆಯೊಂದೇ ಕಾರಣವಲ್ಲ, ಔಷಧಿಯ ಕೊರತೆ, ಕೆಲಸದ ಸಡಿಲಿಕೆಯೂ ಸೇರಿದ್ದವು. ಕೊರತೆ, ಸಡಿಲಿಕೆ ಎಂದರೂ ಅರ್ಧ ಡೋಸೇ ತಾನೆ!

ಆದ್ದರಿಂದ ಶೆಟ್ಟಿ ಮತ್ತು ಸನಿಲ್‌ರ ಕೆಲಸದ ಬೆಲೆ ಅದರ ಉತ್ತರಕ್ಕಿಂತ ಅದು ಕಲಿಸುವ ಕ್ರಮದಲ್ಲಿ ಹೆಚ್ಚು. ಸೊಳ್ಳೆಯ ನಿರೋಧಕತೆ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಔಷಧಿ ಸವರಿದ ಕಾಗದವಿರುವ ಕೊಳವೆಯಲ್ಲಿ ಸೊಳ್ಳೆಗಳನ್ನು ಒಂದು ಗಂಟೆ ಇಟ್ಟು, 24 ಗಂಟೆಯ ನಂತರ ಎಣಿಸಬೇಕು. ನೂರಕ್ಕೆ 98 ಸತ್ತರೆ ಔಷಧಿಗೆ ಇನ್ನೂ ಬಲವಿದೆ. 90ಕ್ಕಿಂತ ಕಡಿಮೆ ಸತ್ತರೆ ಅದನ್ನು ಬಿಡುವುದು ಲೇಸು. ದಾವಣಗೆರೆಯ ಡ್ರಮ್ಮಿನ ಸೊಳ್ಳೆಗೂ ಹರಿಹರದ ಗದ್ದೆಯ ಸೊಳ್ಳೆಗೂ ಈ ಲೆಕ್ಕ ಬೇರೆಬೇರೆಯಾಗಿ ಸಿಗಬೇಕು, ಅದೂ ಔಷಧಿಯ ಟೆಂಡರ್ ಕರೆಯುವುದಕ್ಕೆ ಮುಂಚೆ. ಅಲ್ಲಿಯವರೆಗೆ ಡ್ರಮ್ಮಿಗೆ ಮುಚ್ಚಳ, ತೊಟ್ಟಿಗೆ ಗಪ್ಪಿ ಮೀನು ಹೆಚ್ಚು ನಂಬಿಕೆಗೆ ಅರ್ಹ. ಇವುಗಳಿಗೆ ಡೋಸಿನ ಲೆಕ್ಕವೇ ಇಲ್ಲ.