ಚಿತ್ರದ ಹೊರಗೆ ಉಳಿದ ತಾಯಿ

ಸ್ನೇಹಿತರೇ, ಪರದೆಯ ಮೇಲೆ ಈಗ ನೋಡಿದ್ದು 1999ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್‌ನಲ್ಲಿ ಮೈಕೆಲ್ ಕ್ಲಾನ್ಸಿ ತೆಗೆದ ಫೋಟೊ. ಬೆನ್ನುಹುರಿಯ ದೋಷ, ಅಂದರೆ ಸ್ಪೈನಾ ಬೈಫಿಡಾ ಇದ್ದ 21 ವಾರದ ಭ್ರೂಣಕ್ಕೆ ಶಸ್ತ್ರಚಿಕಿತ್ಸೆ. ಗರ್ಭಕೋಶದ ಸೀಳಿನಿಂದ ಹೊರಬಂದ ಪುಟ್ಟ ಕೈ, ವೈದ್ಯರ ಬೆರಳ ಮೇಲೆ. ಮಗುವೇ ಕೈ ಚಾಚಿತು ಅಂತ ಕ್ಲಾನ್ಸಿ. ಇಲ್ಲ, ಅದಕ್ಕೆ ಅರಿವಳಿಕೆ ಕೊಟ್ಟಿತ್ತು ಅಂತ ಸರ್ಜನ್ ಜೋಸೆಫ್ ಬ್ರೂನರ್. ಚರ್ಚೆ ಬಹುಪಾಲು ಇದರ ಸುತ್ತಲೇ ತಿರುಗಿತು.

ನನ್ನ ಆಕ್ಷೇಪ ಬೇರೆ. ಆ ಸೀಳು ಯಾರದ್ದು? ಫೋಟೊದಲ್ಲಿ ತಾಯಿಗೆ ಮುಖವೇ ಇಲ್ಲ. ‘ಭ್ರೂಣ ಚಿಕಿತ್ಸೆ’ ಎಂಬ ನಮ್ಮ ಪದವೂ ಅವಳನ್ನು ಹಾಗೆಯೇ ಮರೆಮಾಡುತ್ತದೆ. (ಈ ಪ್ರಬಂಧಕ್ಕೆ ನಾನು ಮೊದಲು ಇಟ್ಟ ಶೀರ್ಷಿಕೆಯೂ ಅದೇ!)

2011ರ ಮಾಮ್ಸ್ ಅಧ್ಯಯನ ನೋಡಿ. ಒಂದು ವರ್ಷದೊಳಗೆ ಮೆದುಳಿನ ನೀರು ಹರಿಸುವ ಷಂಟ್ ಹಾಕಬೇಕಾಗಿ ಬಂದದ್ದು, ಗರ್ಭದಲ್ಲೇ ಆಪರೇಷನ್ ಆದ ಮಕ್ಕಳಲ್ಲಿ ಶೇ. 40, ಹುಟ್ಟಿದ ಮೇಲೆ ಆದವರಲ್ಲಿ ಶೇ. 82. ಲಾಭ ದೊಡ್ಡದೇ, ಅಲ್ಲಗಳೆಯುವುದಿಲ್ಲ. ಆದರೆ ಅವಧಿಗೆ ಮುಂಚಿನ ಹೆರಿಗೆ ಹೆಚ್ಚಾಯಿತು. ಗರ್ಭಕೋಶದ ಹೊಲಿಗೆಯ ಜಾಗ ಕೆಲವರಲ್ಲಿ ತೆಳುವಾಯಿತು, ಬಿರಿದದ್ದೂ ಉಂಟು. ಮುಂದಿನ ಹೆರಿಗೆಗಳೂ ಸಿಸೇರಿಯನ್ನೇ.

ತಾಯಿ ಒಪ್ಪಿ ಸಹಿ ಹಾಕಿದ್ದಾಳಲ್ಲ ಅಂತ ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ. ಹೌದು, ಹಾಕಿದ್ದಾಳೆ. ಇಂಥ ಫೋಟೊ ಒಂದನ್ನು ಮುಂದಿಟ್ಟು ಕೇಳಿದರೆ ಬೇಡ ಅನ್ನೋದು ಯಾವ ತಾಯಿಗೆ ಸುಲಭ, ಹೇಳಿ?