ಕವಾಯತು ಮತ್ತು ಚಲನಶಿಕ್ಷಣ: ಪ್ರಾಥಮಿಕ ಶಾಲೆಯ ವ್ಯಾಯಾಮಪಾಠವನ್ನು ಕುರಿತು ಒಂದು ವಿಮರ್ಶೆ

ಇತಿಹಾಸದ ಉಪನ್ಯಾಸಕನಾದವನು ವ್ಯಾಯಾಮಪಾಠದ ವಿಚಾರವಾಗಿ ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ನಮ್ಮ ಶಾಲೆಗಳ ಅಂಗಳದಲ್ಲಿ ಇಂದಿಗೂ ಕೇಳಿಬರುವ 'ಸಾವಧಾನ್', 'ವಿಶ್ರಾಮ್' ಎಂಬ ಕೂಗು ಒಂದು ಐತಿಹಾಸಿಕ ಅವಶೇಷವೇ ಆಗಿರುವುದರಿಂದ ನನ್ನ ಈ ಪ್ರವೇಶ ತೀರ ಅನಧಿಕೃತವಾಗಲಾರದು.

ಬೋಯರ್ ಯುದ್ಧಕಾಲದಲ್ಲಿ ಸೈನ್ಯಕ್ಕೆ ಸೇರಬಂದ ಯುವಕರ ದೇಹದೌರ್ಬಲ್ಯವನ್ನು ಕಂಡು ಕಳವಳಗೊಂಡ ಇಂಗ್ಲೆಂಡು, 1902ರಲ್ಲಿ ಶಾಲೆಗಳಿಗಾಗಿ ಒಂದು ಮಾದರಿ ಶಿಕ್ಷಣಕ್ರಮವನ್ನು ಹೊರಡಿಸಿತು. ಅದು ಸೇನೆಯ ಕವಾಯತಿನ ಪಡಿಯಚ್ಚು. ಮಗುವನ್ನು ಕಿರಿಯ ಸಿಪಾಯಿಯೆಂದೆಣಿಸಿದ ಆ ಕ್ರಮ ಟೀಕೆಗೆ ಗುರಿಯಾಗಿ, 1904ರಲ್ಲಿಯೇ ಬೇರೊಂದು ಪಠ್ಯಕ್ರಮ ಬಂದಿತು. 1952ರ ಹೊತ್ತಿಗೆ ಅಲ್ಲಿನ ಶಿಕ್ಷಣ ಮಂತ್ರಾಲಯ 'ಮೂವಿಂಗ್ ಅಂಡ್ ಗ್ರೋಯಿಂಗ್' ಎಂಬ ಗ್ರಂಥದಲ್ಲಿ ಮಗುವಿನ ಸ್ವಂತ ಚಲನೆಯನ್ನೇ ಪಾಠದ ಕೇಂದ್ರವನ್ನಾಗಿ ಮಾಡಿತ್ತು. ದಕ್ಷಿಣ ಕನ್ನಡವು 1956ರವರೆಗೆ ಮದರಾಸಿಗೆ ಸೇರಿದ್ದಿತಷ್ಟೆ. ಆ ಮದರಾಸಿನಲ್ಲಿಯೂ 1920ರಷ್ಟು ಹಿಂದೆಯೇ ಹ್ಯಾರಿ ಕ್ರೋ ಬಕ್ ಅವರು ವೈ.ಎಂ.ಸಿ.ಎ.ಯ ಆಶ್ರಯದಲ್ಲಿ ದೈಹಿಕ ಶಿಕ್ಷಕರ ತರಬೇತಿ ಶಾಲೆಯನ್ನು ತೆರೆದಿದ್ದರು. ಹೀಗಿದ್ದೂ ಕವಾಯತು ಉಳಿದುದೇಕೆ? ಅದು ಅಗ್ಗವೆಂಬುದೇ ಕಾರಣವೆಂದು ನನ್ನ ಎಣಿಕೆ. ಒಂದು ಕಂಠ, ಒಂದು ಸೀಟಿ ಇದ್ದರೆ ಇನ್ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಬಹುದು. ನೋಡುವವರಿಗೆ ಶಿಸ್ತಾಗಿಯೂ ಕಾಣುತ್ತದೆ.

ಆದರೆ ಮಗು ಅದರಿಂದ ಕಲಿಯುವುದೇನು? ಓಡುವುದು, ಕುಂಟುವುದು, ಹಾರಿ ನೆಲಕ್ಕಿಳಿಯುವುದು, ತೋಲ ಕಾಯುವುದು, ಎಸೆಯುವುದು, ಹಿಡಿಯುವುದು — ಇವು ಮೂಲಚಲನೆಗಳು. ಮುಂದಿನ ಎಲ್ಲ ಆಟಗಳಿಗೂ ಇವೇ ಅಕ್ಷರಮಾಲೆ. ಎಸೆತವನ್ನೇ ನೋಡೋಣ. ಎಳೆಯ ಮಗು ಎದುರಾಗಿ ನಿಂತು, ಕಾಲನ್ನು ಕದಲಿಸದೆ, ಬರಿಯ ಮೊಣಕೈಯಿಂದ ಚೆಂಡನ್ನು ತಳ್ಳುತ್ತದೆ. ಕಲಿತ ಮಗುವಾದರೆ ಓರೆಯಾಗಿ ನಿಂತು, ಎಸೆಯುವ ಕೈಯ ಎದುರುಪಕ್ಕದ ಕಾಲನ್ನು ಮುಂದಿಟ್ಟು, ಸೊಂಟವನ್ನೂ ಭುಜವನ್ನೂ ತಿರುಗಿಸಿ ಎಸೆಯುತ್ತದೆ. ಹಿಡಿಯುವಾಗಲೂ ಹಾಗೆಯೇ: ಮೊದಲು ಮುಖ ತಿರುಗಿಸಿ ಚೆಂಡನ್ನು ಎದೆಗವಚುವುದು, ಆಮೇಲೆ ಕಣ್ಣಿಟ್ಟು ಅಂಗೈಗಳಲ್ಲಿಯೇ ಹಿಡಿಯುವುದು. ಈ ಅಂತರವನ್ನು ಗುರುತಿಸಲು ಉಪಕರಣ ಬೇಡ, ನೋಡುವ ಕಣ್ಣು ಬೇಕು.

'ವಯಸ್ಸಾದಂತೆ ತಾನಾಗಿ ಬರುತ್ತದೆ' ಎನ್ನುವವರುಂಟು. ಯಕ್ಷಗಾನದ ಗುರುಗಳು ಹೀಗೆಂದುದನ್ನು ಯಾರಾದರೂ ಕೇಳಿರುವರೆ? ಒಂದೊಂದು ಹೆಜ್ಜೆಯನ್ನೂ ಬಿಡಿಸಿ, ತಾಳಕ್ಕೆ ಕೂಡಿಸಿ, ತಪ್ಪಿದಲ್ಲಿ ನಿಲ್ಲಿಸಿ ತಿದ್ದುವ ಪರಂಪರೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ನಡೆ, ಓಟಗಳ ಒರಟು ರೂಪ ತಾನಾಗಿ ಬರಬಹುದು. ಎಸೆತದಂಥವು ಪಕ್ವವಾಗುವುದು ಅಭ್ಯಾಸದಿಂದ, ತಿದ್ದುಗೆಯಿಂದ.

ನಾಡಿನ ಆಟಗಳೇ ಸಾಕೆಂಬ ವಾದ ಹೆಚ್ಚು ಆಕರ್ಷಕವಾದುದು. ನಾನೂ ಅದಕ್ಕೆ ಒಲಿದಿದ್ದವನೇ. ಕುಂಟಾಬಿಲ್ಲೆಯಲ್ಲಿ ಒಂಟಿಕಾಲಿನ ತೋಲವುಂಟು, ಲಗೋರಿಯಲ್ಲಿ ಗುರಿಯುಂಟು, ಕುಟ್ಟಿದೊಣ್ಣೆಯಲ್ಲಿ ಕಣ್ಣು-ಕೈಗಳ ಹೊಂದಿಕೆಯುಂಟು. ಆದರೂ ಒಂದು ತೊಡಕಿದೆ. ಕುಂಟಾಬಿಲ್ಲೆಯಲ್ಲಿ ಗೆರೆ ಮೆಟ್ಟಿದವಳು ಸರದಿ ಕಳೆದುಕೊಳ್ಳುತ್ತಾಳೆ. ಮುಟ್ಟಾಟದಲ್ಲಿ ನಿಧಾನವಾಗಿ ಓಡುವವನೇ ಮೊದಲು ಔಟಾಗಿ ಬದಿಗೆ ಕೂರುತ್ತಾನೆ. ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ದೊರೆಯುತ್ತದೆ. ಮನೆಯಂಗಳದಲ್ಲಿ ಇದು ಆಟದ ನ್ಯಾಯ. ಶಾಲೆಯ ಪಾಠದಲ್ಲಿ ಅನ್ಯಾಯ. ಔಟಾದ ಮಗುವನ್ನು ಕೂರಿಸದೆ ಮತ್ತೆ ಆಡಿಸುವಂತೆ ನಿಯಮವನ್ನು ಮಾರ್ಪಡಿಸಿದರೆ ಆಟವೂ ಉಳಿಯುತ್ತದೆ.

ಇನ್ನು ಕಾನೂನು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನವನ್ನು ವಿಧಿಸುತ್ತದೆ. ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರನ್ನು ಮಾತ್ರ ಆರರಿಂದ ಎಂಟನೆಯ ತರಗತಿಗಳಲ್ಲಿ, ಅದೂ ಮಕ್ಕಳ ಸಂಖ್ಯೆ ನೂರನ್ನು ಮೀರಿದಲ್ಲಿ, ಹೇಳಿದೆ. ಮೂಲಚಲನೆ ಕುದುರಬೇಕಾದ ಆರೇಳು ವಯಸ್ಸಿನ ಮಗುವಿಗೆ ಅನುಸೂಚಿಯಲ್ಲಿ ಅಂಥ ಬೋಧಕರಿಲ್ಲ. ಹನ್ನೊಂದರಲ್ಲಿ ಬೋಧಕರು ಬರುವಷ್ಟರಲ್ಲಿ 'ಇವನಿಗೆ ಆಟ ಬಾರದು' ಎಂಬ ತೀರ್ಪು ಆಗಿಹೋಗಿರುತ್ತದೆ. ಆ ತೀರ್ಪನ್ನು ಮಗುವೂ ನಂಬಿರುತ್ತದೆ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ದೈಹಿಕ ಶಿಕ್ಷಣವನ್ನು ಒಂದು ಪಠ್ಯಕ್ಷೇತ್ರವೆಂದು ಎಣಿಸಿದುದು ಸ್ವಾಗತಾರ್ಹವೇ. ಆದರೆ ಕೆಳಗಿನ ತರಗತಿಗಳಲ್ಲಿ ಇದನ್ನು ಕಲಿಸಬೇಕಾದವರು ಅಕ್ಷರ ಕಲಿಸುವ ಅಧ್ಯಾಪಿಕೆಯೇ ಎಂಬುದನ್ನು ಮರೆಯುವಂತಿಲ್ಲ. ಅವರ ತರಬೇತಿಯಲ್ಲಿ ಎಸೆತದ ಹಂತಗಳಿಗೂ ಎಡೆಯಿರಬೇಕು.

ಮಂಗಳೂರಿನಲ್ಲಿ ಇನ್ನೊಂದು ತೊಡಕು ಮಳೆ. ಶಾಲೆ ತೆರೆಯುವುದೂ ಮುಂಗಾರು ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೆ. ಒಂದನೆಯ ತರಗತಿಗೆ ಬಂದ ಮಗು ಸೆಪ್ಟೆಂಬರಿನವರೆಗೆ ಕೆಸರಾದ ಮೈದಾನವನ್ನು ಕಿಟಕಿಯಿಂದಲೇ ನೋಡಬೇಕು. ಬಯಲುಸೀಮೆಯ ಒಣ ಅಂಗಳವನ್ನು ಕಣ್ಣಮುಂದಿಟ್ಟುಕೊಂಡ ಪಾಠಯೋಜನೆ ಇಲ್ಲಿ ಮೊದಲ ತಿಂಗಳಲ್ಲಿಯೇ ನೆನೆದುಹೋಗುತ್ತದೆ. ಹಿಡಿಯುವುದಕ್ಕೂ ತೋಲಕ್ಕೂ ಮೈದಾನವೇ ಆಗಬೇಕೆಂದಿಲ್ಲ. ಜಗಲಿಯ ಒಣಗಿದ ಭಾಗದಲ್ಲಿ ಸುಣ್ಣದ ಒಂದು ಗೆರೆ, ಇಬ್ಬರಿಗೊಂದರಂತೆ ಹಳೆಬಟ್ಟೆಯ ಉಂಡೆಗಳು ಇದ್ದರೆ, ಹೊರಗೆ ಮಳೆ ಹೊಯ್ಯುತ್ತಿರುವಾಗಲೇ ಮೂವತ್ತು ಮಕ್ಕಳೂ ಒಟ್ಟಿಗೆ ಹಿಡಿಯಲು ಕಲಿಯಬಹುದು.